ಹೊಸ ಗನ್‌ಮೆಟಲ್ ಬುಶ್ ಸೆಟ್ ಮಾಡುವ ಕ್ರಮ: ಬಿಸಿ ನೋಡಿ ಲೋಡ್ ಏರಿಸಿ

ತಿರುಗುವ ಶಾಫ್ಟಿಗೆ ಆಧಾರವಾಗಿ ಕೂರುವ ಲೋಹದ ಕೊಳವೆಯೇ ಬುಶ್. ಹೊಸದನ್ನು ಕೂರಿಸಿಕೊಟ್ಟ ಮೇಲೆ "ಎರಡು ದಿನ ಲೈಟಾಗಿ ಓಡಿಸಿ, ಸೆಟ್ ಆಗುತ್ತೆ" ಎಂದು ವರ್ಕ್‌ಶಾಪ್‌ನಲ್ಲಿ ಹೇಳಿ ಕಳಿಸುತ್ತಾರೆ. ಮಾತು ಸರಿಯೇ, ಆದರೆ ಅರ್ಧ ಮಾತ್ರ. ಸೆಟ್ ಆಗುವುದೆಂದರೆ ಶಾಫ್ಟ್ ಮತ್ತು ಬುಶ್ ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳುವುದು. ಲೈಟ್ ಎಂದರೆ ಎಷ್ಟು, ಲೋಡ್ ಏರಿಸುವುದು ಯಾವಾಗ, ಸೆಟ್ ಆಯಿತೆಂದು ಗೊತ್ತಾಗುವುದು ಹೇಗೆ? ದಿನಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಬುಶ್ ಎಷ್ಟು ಬಿಸಿಯಾಗುತ್ತಿದೆ ಎಂಬುದರಲ್ಲಿ ಸಿಗುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್, ಒಂದು ಸಣ್ಣ ಹೀಟರ್, ಒಂದು ನೋಟ್‌ಬುಕ್ ಇದ್ದರೆ ಒಳಗೆ ನಡೆಯುತ್ತಿರುವುದನ್ನು ಹೊರಗಿನಿಂದಲೇ ಓದಬಹುದು.

ಲೆಕ್ಕ ಕೈಗೆ ಸಿಗಲೆಂದು ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇಎನ್8 ಉಕ್ಕಿನ 50 ಮಿ.ಮೀ. ಶಾಫ್ಟ್, 60 ಮಿ.ಮೀ. ಉದ್ದದ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಶ್, ಹೊರವ್ಯಾಸವೂ 60. ವೇಗ ನಿಮಿಷಕ್ಕೆ 120 ಸುತ್ತು, ಅಂದರೆ ಮೇಲ್ಮೈ ಸರಿಯುವ ವೇಗ ಸೆಕೆಂಡಿಗೆ 0.314 ಮೀಟರ್. ಪೂರ್ತಿ ಲೋಡ್ 3000 ನ್ಯೂಟನ್, ಸುಮಾರು 306 ಕೆ.ಜಿ. ಭಾರ. ಗ್ರೀಸ್ ಲೂಬ್ರಿಕೇಶನ್. ನಿಮ್ಮ ಮಷೀನಿನ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿಕೊಳ್ಳಿ.

ಬುಶ್‌ನ ಒಳಗೆ ಏನು ನಡೆಯುತ್ತದೆ

ಬುಶ್‌ನ ಉದ್ದವನ್ನು ವ್ಯಾಸದಿಂದ ಗುಣಿಸಿದರೆ 3000 ಚದರ ಮಿ.ಮೀ. ಸಿಗುತ್ತದೆ. ಅಷ್ಟೂ ಜಾಗ ಭಾರ ಹೊರುತ್ತಿದೆ ಎಂದುಕೊಳ್ಳುವುದು ಸಹಜ, ಆದರೆ ಹಾಗಿಲ್ಲ. ಲೇತ್‌ನಿಂದ ಬಂದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುಗಳಿರುತ್ತವೆ, ಲೋಹ ಲೋಹಕ್ಕೆ ತಾಗುವುದು ಆ ಉಬ್ಬುಗಳ ತುದಿಯಲ್ಲಿ ಮಾತ್ರ. ತಾಗುವ ನಿಜವಾದ ಜಾಗ ಎಷ್ಟೆಂದರೆ ಭಾರವನ್ನು ಮೆದು ಲೋಹದ ಗಡಸುತನದಿಂದ ಭಾಗಿಸಿದಷ್ಟು. ಗನ್‌ಮೆಟಲ್‌ನ ಗಡಸುತನ 70 ಬ್ರಿನೆಲ್ ಎಂದುಕೊಂಡರೆ ಚದರ ಮಿ.ಮೀ.ಗೆ ಸುಮಾರು 690 ನ್ಯೂಟನ್. ಹಾಗಾದರೆ ಪೂರ್ತಿ ಲೋಡ್ ನಿಂತಿರುವುದು ಒಟ್ಟು 4.3 ಚದರ ಮಿ.ಮೀ. ಮೇಲೆ.

ಹೊಸ ಬುಶ್‌ನ ಘರ್ಷಣೆ ಗುಣಾಂಕ, ಅಂದರೆ ಲೋಡಿನ ಎಷ್ಟು ಭಾಗ ಘರ್ಷಣೆಯ ಬಲವಾಗುತ್ತದೆ ಎಂಬ ಅಂಕಿ, 0.1 ಇದ್ದರೆ ಹುಟ್ಟುವ ಶಾಖ 0.1 × 3000 × 0.314, ಅಂದರೆ 94 ವ್ಯಾಟ್. ಅಷ್ಟೂ ಆ 4.3 ಚದರ ಮಿ.ಮೀ.ನಲ್ಲೇ ಹುಟ್ಟಬೇಕು. ಪ್ರತಿ ಚದರ ಮಿ.ಮೀ.ಗೂ ಒಂದೊಂದು ಸಣ್ಣ ಸೋಲ್ಡರಿಂಗ್ ಐರನ್ ಹಿಡಿದಂತೆ. ಹೌಸಿಂಗ್ (ಬುಶ್ ಕೂರುವ ಹೊರಕವಚ) ಮುಟ್ಟಿದರೆ ಬೆಚ್ಚಗಷ್ಟೇ ಇದ್ದರೂ ಉಬ್ಬಿನ ತುದಿ ಕ್ಷಣಮಾತ್ರ ಹತ್ತಾರು ಡಿಗ್ರಿ ಮೇಲೇರುತ್ತದೆ. ವೇಗದ ಮಷೀನುಗಳಲ್ಲಿ ನೂರಾರು.

ಮುಖ್ಯ ಕೆಲಸ ನಡೆಯುವುದು ಈ ಬಿಸಿ ತುದಿಗಳಲ್ಲಿ. ಕೆಲವು ತುದಿ ಮುರಿದು ಪುಡಿಯಾಗುತ್ತವೆ, ಕೆಲವು ಚಪ್ಪಟೆಯಾಗುತ್ತವೆ. ಎಲ್‌ಜಿ2 ಗನ್‌ಮೆಟಲ್‌ನಲ್ಲಿ 85 ಭಾಗ ತಾಮ್ರ, ತವರ, ಸೀಸ, ಸತು ತಲಾ 5 ಭಾಗ ಇರುತ್ತವೆ. ಇದರಲ್ಲಿ ಸೀಸ ತುಂಬಾ ಮೆದು, ಬಿಸಿಯಾದ ಕಡೆ ಹೊರಬಂದು ಸವರಿಕೊಳ್ಳುತ್ತದೆ. ಗ್ರೀಸಿನ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳೂ ಅಡಿಟಿವ್‌ಗಳೂ (ಬೆರೆಸಿದ ರಾಸಾಯನಿಕಗಳು) ಬಿಸಿಗೆ ಮತ್ತು ಉಜ್ಜುವ ಬಲಕ್ಕೆ ಲೋಹದೊಂದಿಗೆ ಸೇರಿ ಒಂದು ಮೈಕ್ರಾನಿಗಿಂತ ಎಷ್ಟೋ ತೆಳುವಾದ ಪದರ ಕಟ್ಟುತ್ತವೆ. ಈ ಪದರ ಕೆಳಗಿನ ಲೋಹಕ್ಕಿಂತ ಸುಲಭವಾಗಿ ಜಾರುತ್ತದೆ. ಜಾರುವಿಕೆ ಲೋಹದಿಂದ ಪದರದೊಳಕ್ಕೆ ವರ್ಗವಾದ ಕೂಡಲೇ ಘರ್ಷಣೆ ಇಳಿಯುತ್ತದೆ, ಶಾಖ ಇಳಿಯುತ್ತದೆ, ಸವೆತವೂ ಇಳಿಯುತ್ತದೆ. ಮೇಲ್ಪದರ ಕೆಳಗಿನದಕ್ಕಿಂತ ದುರ್ಬಲವಾಗಿರಬೇಕು ಎಂಬ ಈ ನಿಯಮವನ್ನು ಸೋವಿಯತ್ ವಿಜ್ಞಾನಿ ಕ್ರಾಗೆಲ್‌ಸ್ಕಿ ಸ್ಪಷ್ಟವಾಗಿ ಮುಂದಿಟ್ಟರು. ಬುಶ್ ವಿಷಯದಲ್ಲಿ ಇದಕ್ಕಿಂತ ಉಪಯೋಗದ ನಿಯಮ ಇನ್ನೊಂದಿಲ್ಲ.

ಈ ಪದರವನ್ನು ಯಾರೂ ಬಳಿದದ್ದಲ್ಲ, ತಾನಾಗಿ ಕಟ್ಟಿಕೊಂಡದ್ದು. ಅಸ್ತವ್ಯಸ್ತ ಉಜ್ಜಾಟದಿಂದ ವ್ಯವಸ್ಥೆ ಹುಟ್ಟಿದರೆ, ಅಸ್ತವ್ಯಸ್ತತೆ ತಾನಾಗಿ ಕಡಿಮೆಯಾಗದು ಎನ್ನುವ ಎಂಟ್ರೊಪಿಯ ನಿಯಮ ಮುರಿದಂತಾಗಲಿಲ್ಲವೇ? ಇಲ್ಲ. ಬುಶ್ ಮುಚ್ಚಿದ ಡಬ್ಬಿಯಲ್ಲ. ಒಂದು ಕಡೆಯಿಂದ ಮೋಟರಿನ ಕೆಲಸ ಒಳಗೆ ಬರುತ್ತಿದೆ, ಇನ್ನೊಂದು ಕಡೆ ಶಾಖವೂ ಸವೆದ ಪುಡಿಯೂ ಹೊರಗೆ ಹೋಗುತ್ತಿವೆ. 94 ವ್ಯಾಟ್ ಶಾಖ 330 ಕೆಲ್ವಿನ್ ಬಿಸಿಯಲ್ಲಿ ಹೊರಬಿದ್ದರೆ ಪ್ರತಿ ಸೆಕೆಂಡಿಗೆ ಕೆಲ್ವಿನ್‌ಗೆ 0.28 ಜೂಲ್ ಎಂಟ್ರೊಪಿ ಹೊರಗೆ ಸಾಗುತ್ತದೆ. ಒಳಗೆ ಪದರ ಕಟ್ಟಲು ಬೇಕಾದ ಅವಕಾಶ ಈ ಹರಿವಿನಿಂದಲೇ ಸಿಗುತ್ತದೆ. ಹರಿವಿನಲ್ಲಿ ಹೀಗೆ ಹುಟ್ಟಿ, ಹರಿವು ಇರುವಷ್ಟು ಕಾಲ ನಿಲ್ಲುವ ರಚನೆಗಳ ಸಿದ್ಧಾಂತಕ್ಕೆ ಇಲ್ಯಾ ಪ್ರಿಗೊಜಿನ್ ಅವರಿಗೆ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಕೆಲಸಕ್ಕೆ ಬರುವ ಪಾಠಗಳು ಇದರಿಂದ ನೇರವಾಗಿ ಹೊರಡುತ್ತವೆ. ಲೋಡ್ ತೀರಾ ಕಡಿಮೆಯಾದರೆ ಪದರ ಕಟ್ಟುವಷ್ಟು ಬಿಸಿಯೂ ಒತ್ತಡವೂ ಇರುವುದಿಲ್ಲ, ಎರಡು ದಿನ ಓಡಿಸಿದರೂ ಬುಶ್ ಬಹುಮಟ್ಟಿಗೆ ಹೊಸದಾಗಿಯೇ ಉಳಿಯುತ್ತದೆ. ತೀರಾ ಹೆಚ್ಚಾದರೆ ಕಟ್ಟುವುದಕ್ಕಿಂತ ಬೇಗ ಪದರ ಕಿತ್ತುಹೋಗುತ್ತದೆ. ಪುಡಿ ಮತ್ತು ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ಎಷ್ಟು ಜಾಗರೂಕತೆಯಿಂದ ಲೋಡ್ ಕೊಟ್ಟರೂ ಪ್ರಯೋಜನವಿಲ್ಲ.

ಓಡಿಸುವ ಮೊದಲು

ಶಾಫ್ಟ್ ಬುಶ್‌ಗಿಂತ ಎರಡೂವರೆ ಮೂರು ಪಟ್ಟು ಗಡಸಾಗಿರಬೇಕು. 180–200 ಬ್ರಿನೆಲ್ ಇರುವ ಇಎನ್8 ಎಲ್‌ಜಿ2ಗೆ ಸಾಕು. ಫಾಸ್ಫರ್ ಬ್ರಾಂಜ್ ಹಾಕುವುದಾದರೆ ಶಾಫ್ಟ್ ಗಟ್ಟಿ ಮಾಡಿಸಬೇಕಾಗುತ್ತದೆ. ಶಾಫ್ಟ್ ಫಿನಿಶ್ ಆರ್‌ಎ (ಮೇಲ್ಮೈಯ ಸರಾಸರಿ ಒರಟುತನ) 0.4 ಮೈಕ್ರಾನ್ ಅಥವಾ ಅದಕ್ಕಿಂತ ನಯ, ಗ್ರೈಂಡ್ ಮಾಡಿದ್ದು. ಬುಶ್ ಆರ್‌ಎ 0.8ರಿಂದ 1.6 ಇದ್ದರೆ ಒಳ್ಳೆಯದು. ಗಡಸು ಮೇಲ್ಮೈ ಒರಟಾಗಿದ್ದರೆ ಅರದಂತೆ ಕೆಲಸ ಮಾಡುತ್ತದೆ, ಅಂಥ ಶಾಫ್ಟ್ ಎಂದೂ ಸೆಟ್ ಆಗುವುದಿಲ್ಲ. ಎಮರಿ ಪೇಪರ್ ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೆ ಒರೆಸಿ. ಎಮರಿಯ ಕಣ ಗನ್‌ಮೆಟಲ್‌ನಲ್ಲಿ ಹೂತುಕೊಂಡರೆ ಮತ್ತೆ ಹೊರಬರುವುದಿಲ್ಲ.

ಹೌಸಿಂಗ್‌ಗೆ ಎಚ್7/ಆರ್6 ಫಿಟ್‌ನಲ್ಲಿ (ಬುಶ್ ರಂಧ್ರಕ್ಕಿಂತ ತುಸು ದಪ್ಪವಿರುವ ಬಿಗಿ ಜೋಡಣೆ) ಬುಶ್ ಪ್ರೆಸ್ ಮಾಡಿ, ಬಿಗಿ 0.01ರಿಂದ 0.06 ಮಿ.ಮೀ. ಬರುತ್ತದೆ. ಪ್ರೆಸ್ ಮಾಡಿದಾಗ ಒಳವ್ಯಾಸ ಹೆಚ್ಚುಕಡಿಮೆ ಬಿಗಿಯಷ್ಟೇ ಕುಗ್ಗುತ್ತದೆ. ಆದ್ದರಿಂದ ಮೊದಲೇ ಫಿನಿಶ್ ಸೈಜ್‌ಗೆ ಬೋರ್ ಮಾಡಿಸಬೇಡಿ, ಪ್ರೆಸ್ ಆದ ಮೇಲೆ ರೀಮರ್ ಹಾಕಿ ಅಥವಾ ಬೋರ್ ಮಾಡಿ. ಗ್ರೀಸ್ ಬುಶ್‌ಗೆ ಕ್ಲಿಯರೆನ್ಸ್ (ಬುಶ್‌ನ ಒಳವ್ಯಾಸಕ್ಕೂ ಶಾಫ್ಟಿನ ವ್ಯಾಸಕ್ಕೂ ಇರುವ ಅಂತರ) 0.07ರಿಂದ 0.10 ಮಿ.ಮೀ. ಇರಲಿ. ಬಿಗಿಯಾಗಿದ್ದರೆ ಬಾಳಿಕೆ ಹೆಚ್ಚು ಎಂದು 0.03ಕ್ಕೆ ಇಳಿಸುವವರಿದ್ದಾರೆ. ಅದು ಅಪಾಯ. ಶಾಫ್ಟ್ ಹೌಸಿಂಗ್‌ಗಿಂತ 30 ಡಿಗ್ರಿ ಹೆಚ್ಚು ಬಿಸಿಯಾದರೆ ಅದೊಂದೇ 0.017 ಮಿ.ಮೀ. ದಪ್ಪವಾಗುತ್ತದೆ. ಗನ್‌ಮೆಟಲ್ ಎರಕದ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಹೊರಗೆ ಜಾಗವಿಲ್ಲದೆ ಒಳಕ್ಕೆ ಇನ್ನೂ ನೂರರಲ್ಲೊಂದು ಮಿ.ಮೀ.ನಷ್ಟು ಒತ್ತುತ್ತದೆ. ಎರಡೂ ಸೇರಿದರೆ 0.03 ಮುಗಿಯಿತು, ಬುಶ್ ಶಾಫ್ಟನ್ನು ಹಿಡಿದುಕೊಳ್ಳುತ್ತದೆ.

ಗ್ರೀಸ್ ಗ್ರೂವ್ ಭಾರ ಬೀಳುವ ಕಡೆ ಬೇಡ, ಎದುರಿನ ಅರ್ಧದಲ್ಲಿರಲಿ. ಎರಡು ತುದಿಗೂ 5 ಮಿ.ಮೀ. ಮೊದಲೇ ನಿಲ್ಲಲಿ, ಅಂಚುಗಳನ್ನು ಸ್ಕ್ರೇಪರ್‌ನಿಂದ ದುಂಡಗೆ ಮಾಡಿ. ಚೂಪಾದ ಅಂಚು ಗ್ರೀಸನ್ನು ಹಂಚುವ ಬದಲು ಒರೆಸಿ ತೆಗೆಯುತ್ತದೆ. ಶಾಫ್ಟಿಗೆ ತೆಳುವಾಗಿ ಪ್ರಶ್ಯನ್ ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ತಿರುಗಿಸಿ ನೋಡಿ: ಭಾರ ಬೀಳುವ 90ರಿಂದ 120 ಡಿಗ್ರಿ ಭಾಗದಲ್ಲಿ ಎರಡು ತುದಿಗೂ ಸಮವಾಗಿ ಬಣ್ಣ ಹತ್ತಬೇಕು. ಒಂದೇ ತುದಿಗೆ ಹತ್ತಿದರೆ ಅದು ಅಲೈನ್‌ಮೆಂಟ್ ದೋಷ. ಓಡಿಸಿ ಸರಿಮಾಡುತ್ತೇನೆಂದು ಹೊರಟರೆ ಬುಶ್ ಕೆಡುತ್ತದೆ.

ಗ್ರೀಸ್ ಲಿಥಿಯಂ ಎನ್‌ಎಲ್‌ಜಿಐ 2 (ಗ್ರೀಸಿನ ಗಟ್ಟಿತನದ ದರ್ಜೆ) ಸಾಕು. ಕ್ರಿಯಾಶೀಲ ಗಂಧಕ ಇರುವ ಇಪಿ (ಅತಿ ಒತ್ತಡದ) ಅಡಿಟಿವ್‌ಗಳು ಬಿಸಿಯಲ್ಲಿ ತಾಮ್ರವನ್ನು ತಿನ್ನುತ್ತವೆ, ಬುಶ್ ಕಪ್ಪಾಗುತ್ತದೆ. ತಾಮ್ರಪಟ್ಟಿ ಪರೀಕ್ಷೆಯಲ್ಲಿ ಪಾಸಾದ ಗ್ರೀಸ್ ಕೇಳಿ ತನ್ನಿ. ಮಾಲಿಬ್ಡಿನಮ್ ಗ್ರೀಸ್ ಸೆಟ್ ಆಗುವ ಹೊತ್ತಿಗೆ ಬೇಡ. ಉಬ್ಬು ಚಪ್ಪಟೆಯಾಗುವ ಮೊದಲೇ ಮೇಲೆ ಕೂತು ಕೆಲಸ ನಿಧಾನ ಮಾಡುತ್ತದೆ. ಎತ್ತಿನ ಗಾಡಿಗಳ ಕೀಲೆಣ್ಣೆಗೆ ಹರಳೆಣ್ಣೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಅದರ ಕೊಬ್ಬಿನಾಮ್ಲ ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ, ನಿಧಾನಗತಿಯ ಅಚ್ಚಿಗೆ ಬೇಕಾದದ್ದು ಅದೇ. ದಿನ ಕಳೆದಂತೆ ಅಂಟಂಟಾಗುವುದರಿಂದ ಇಂದಿನ ಬುಶ್‌ಗೆ ಅದನ್ನು ಹೇಳಲಾಗದು.

ಹೌಸಿಂಗ್ ಎಷ್ಟು ಶಾಖ ಬಿಡುತ್ತದೆ ಎಂದು ಮೊದಲು ಅಳೆಯಿರಿ

ಈ ಹೆಜ್ಜೆಯನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಹೌಸಿಂಗ್‌ನ ಭಾರ ಬೀಳುವ ಕಡೆಯಿಂದ 4 ಮಿ.ಮೀ. ರಂಧ್ರ ಕೊರೆಯಿರಿ, ಬುಶ್‌ನ ಬೆನ್ನಿಗೆ 3–4 ಮಿ.ಮೀ. ಉಳಿದಾಗ ನಿಲ್ಲಿಸಿ. ಹೀಟ್‌ಸಿಂಕ್ ಪೇಸ್ಟ್ ತುಂಬಿ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಳಿಸಿ. ಇನ್‌ಫ್ರಾರೆಡ್ ಗನ್ ಮಾತ್ರ ಇದ್ದರೆ ಹೌಸಿಂಗ್‌ನ ಒಂದು ಜಾಗಕ್ಕೆ ಮ್ಯಾಟ್ ಕಪ್ಪು ಪೇಂಟ್ ಹೊಡೆದು ಯಾವಾಗಲೂ ಅಲ್ಲೇ ಗುರಿಯಿಡಿ. ಹೊಳೆಯುವ ಲೋಹಕ್ಕೆ ಹಿಡಿದರೆ ಗನ್ ಇರುವುದಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ.

ಶಾಫ್ಟ್ ಕೂರಿಸಿ, ಮಷೀನ್ ನಿಲ್ಲಿಸಿಯೇ, ಹೌಸಿಂಗ್‌ಗೆ 50 ವ್ಯಾಟಿನ ಕಾರ್ಟ್ರಿಜ್ ಹೀಟರ್ ತಾಗಿಸಿ ಬಿಗಿಯಿರಿ. ಹೀಟರ್ ಮೇಲೆ ಬರೆದ ವ್ಯಾಟ್ ನಂಬಬೇಡಿ. ನಮ್ಮ ಊರುಗಳ ಕರೆಂಟ್ ಇಡೀ ದಿನ ಒಂದೇ ಸಮನೆ ಇರುವುದಿಲ್ಲ. ವೋಲ್ಟ್ ಮತ್ತು ಆಂಪಿಯರ್ ಅಳೆದು ಗುಣಿಸಿ. ಹತ್ತು ನಿಮಿಷಕ್ಕೊಮ್ಮೆ ಹೌಸಿಂಗ್ ಬಿಸಿ ಮತ್ತು ಕೋಣೆಯ ಬಿಸಿ ಎರಡನ್ನೂ ಬರೆಯಿರಿ. ಅಳೆದ ವ್ಯಾಟ್ 50 ಇದ್ದು, ಬಿಸಿ ಏರುವುದು ನಿಂತಾಗ ಎರಡರ ವ್ಯತ್ಯಾಸ 39 ಡಿಗ್ರಿ ಬಂದರೆ, ಹೌಸಿಂಗ್ ಪ್ರತಿ ಡಿಗ್ರಿಗೆ ಸುಮಾರು 1.3 ವ್ಯಾಟ್ ಬಿಡುತ್ತದೆ ಎಂದಾಯಿತು. ಒಟ್ಟು ಏರಿಕೆಯ 63 ಶೇಕಡಾ ತಲುಪಲು ಹಿಡಿದ ಸಮಯವನ್ನೂ ಗುರುತು ಮಾಡಿ. ಉದಾಹರಣೆಗೆ ಅದು ಅರ್ಧ ಗಂಟೆ ಎನ್ನೋಣ. ಅದರ ಮೂರು ಪಟ್ಟು, ಒಂದೂವರೆ ಗಂಟೆ ಕಳೆಯುವ ಮೊದಲು ಯಾವ ರೀಡಿಂಗ್ ನೋಡಿಯೂ ತೀರ್ಮಾನಕ್ಕೆ ಬರಬಾರದು.

ಇನ್ನು ಘರ್ಷಣೆ ಗುಣಾಂಕ ನಿಮ್ಮ ಕೈಯಲ್ಲಿದೆ: 1.3 ಅನ್ನು ಬಿಸಿಯ ವ್ಯತ್ಯಾಸದಿಂದ ಗುಣಿಸಿ, ಲೋಡ್ ಮತ್ತು ವೇಗದ ಗುಣಲಬ್ಧದಿಂದ ಭಾಗಿಸಿ. ಶಾಫ್ಟ್ ತಿರುಗುವಾಗ ಗಾಳಿಗೆ ಸ್ವಲ್ಪ ಹೆಚ್ಚು ಶಾಖ ಹೋಗುವುದರಿಂದ ಉತ್ತರ ನಿಜಕ್ಕಿಂತ ತುಸು ಕಡಿಮೆ ಬರುತ್ತದೆ. ನಮಗೆ ಬೇಕಾದದ್ದು ಅದು ಇಳಿಯುತ್ತಿದೆಯೇ ಎಂಬುದು, ಅದಕ್ಕೆ ಇಷ್ಟು ಸಾಕು. ಮೋಟರಿನ ಆಂಪಿಯರ್ ನೋಡಿದರೆ ಆಗದೇ ಎಂದು ಕೇಳಬಹುದು. 3 ಕಿಲೋವ್ಯಾಟ್ ಮೋಟರಿನಲ್ಲಿ 50 ವ್ಯಾಟಿನ ಬದಲಾವಣೆ ಎರಡು ಶೇಕಡಾಕ್ಕಿಂತ ಕಡಿಮೆ. ವೋಲ್ಟೇಜ್ ಏರುಪೇರಿನಲ್ಲಿ ಅದು ಕಾಣುವುದೇ ಇಲ್ಲ.

ಲೋಡ್ ಏರಿಸುವುದು

ಗ್ರೀಸ್ ಎರಡು ತುದಿಯಿಂದಲೂ ಹೊರಬರುವವರೆಗೆ ಗನ್ ಹೊಡೆಯಿರಿ. ಕೈಯಿಂದ ಹತ್ತು ಸುತ್ತು ತಿರುಗಿಸಿ. ಗಾರ್ಡ್ ಹಾಕಿ, ಸಡಿಲ ಬಟ್ಟೆ ಹತ್ತಿರ ಬರದಂತೆ ನೋಡಿಕೊಂಡು ಕಾಲು ಭಾಗ ಲೋಡಿನಲ್ಲಿ, 750 ನ್ಯೂಟನ್‌ಗೆ, ಮಷೀನ್ ಶುರು ಮಾಡಿ. ಬೆಲ್ಟಿನ ಎಳೆತವೂ ಲೋಡೇ ಎಂಬುದನ್ನು ಲೆಕ್ಕಕ್ಕೆ ಸೇರಿಸಿ.

ಗುಣಾಂಕ 0.1 ಇದ್ದರೆ 23–24 ವ್ಯಾಟ್ ಹುಟ್ಟಿ, ಬಿಸಿ ಕೋಣೆಗಿಂತ 18 ಡಿಗ್ರಿ ಮೇಲೇರಬೇಕು. ಏರುತ್ತದೆ, ಒಂದು ಗರಿಷ್ಠ ಮುಟ್ಟುತ್ತದೆ, ಆಮೇಲೆ ಲೋಡ್ ಬದಲಾಗದಿದ್ದರೂ ನಿಧಾನವಾಗಿ ಇಳಿಯತೊಡಗುತ್ತದೆ. ಪದರ ಕಟ್ಟುತ್ತಿರುವುದಕ್ಕೆ ಗುರುತು ಈ ಇಳಿತವೇ. ಇಳಿದು ಇಳಿದು ಒಂದು ಗಂಟೆ ಕಾಲ ಒಂದು ಡಿಗ್ರಿಯೊಳಗೆ ನಿಂತರೆ ಆ ಲೋಡಿಗೆ ಮೇಲ್ಮೈ ಹೊಂದಿಕೊಂಡಿದೆ. ಆಗ 1500ಕ್ಕೆ ಏರಿಸಿ. ಮತ್ತೆ ಅದೇ ಏರಿಕೆ, ಇಳಿತ, ನಿಲುಗಡೆ. ಮುಂದೆ 2250, ಕೊನೆಗೆ 3000. ಪ್ರತಿ ಮೆಟ್ಟಿಲಿಗೂ ಎರಡು ಗಂಟೆಗೆ ಕಡಿಮೆ ಆಗದು, ಮೂರು ನಾಲ್ಕು ಹಿಡಿದರೂ ಆಶ್ಚರ್ಯವಿಲ್ಲ. ಪ್ರತಿ ಮೆಟ್ಟಿಲಿನ ಮೊದಲು ಹೊಸ ಗ್ರೀಸ್ ಹೊಡೆದು ಹಳೆಯದನ್ನು ಹೊರದೂಡಿ, ಪುಡಿ ಹೋಗುವ ದಾರಿ ಅದೊಂದೇ.

ಎಲ್ಲ ಸರಿಯಾದರೆ ಕೊನೆಯಲ್ಲಿ ಗುಣಾಂಕ 0.04ರ ಆಸುಪಾಸಿಗೆ ಬರುತ್ತದೆ. ಪೂರ್ತಿ ಲೋಡಿನಲ್ಲಿ 38 ವ್ಯಾಟ್, ಏರಿಕೆ 29 ಡಿಗ್ರಿ. 30 ಡಿಗ್ರಿಯ ಕೋಣೆಯಲ್ಲಿ ಬುಶ್ 59ರಲ್ಲಿ ನಿಲ್ಲುತ್ತದೆ. ಮೊದಲ ದಿನವೇ ಪೂರ್ತಿ ಲೋಡ್ ಕೊಟ್ಟಿದ್ದರೆ 94 ವ್ಯಾಟಿಗೆ ಏರಿಕೆ 72 ಡಿಗ್ರಿ ಆಗಿ ಬುಶ್ 100 ದಾಟುತ್ತಿತ್ತು. ಬುಶ್, ಶಾಫ್ಟ್, ಗ್ರೀಸ್ ಒಂದೂ ಬದಲಾಗದೆ ಬಂದ ವ್ಯತ್ಯಾಸ ಇದು.

ಒಂದು ಮೆಟ್ಟಿಲಿಗೆ ಸೆಟ್ ಆದ ಮೇಲ್ಮೈ ಅದಕ್ಕಿಂತ ಮೇಲಿನದಕ್ಕೆ ಸೆಟ್ ಆದಂತಲ್ಲ. ಪ್ರತಿ ಲೋಡಿಗೂ, ವೇಗಕ್ಕೂ ಅದರದೇ ಒರಟುತನ, ಅದರದೇ ಪದರ. ಶಾಫ್ಟ್ ತಿರುಗುವ ದಿಕ್ಕು ಬದಲಿಸಿದರೂ ಸ್ವಲ್ಪ ಹೊತ್ತು ಘರ್ಷಣೆ ಏರುತ್ತದೆ, ಏಕೆಂದರೆ ಮೇಲ್ಮೈ ಒಂದು ದಿಕ್ಕಿಗೆ ಮಲಗಿರುತ್ತದೆ. ಗ್ರೀಸಿನ ಬ್ರಾಂಡ್ ಬದಲಿಸುವಾಗಲೂ ಅರ್ಧ ಲೋಡಿಗೆ ಇಳಿಸಿ ಬಿಸಿ ನೋಡಿ.

ಕೆಡುವುದು ಹೇಗೆ

ಒಳ್ಳೆಯ ಬುಶ್‌ನಲ್ಲಿ ಬಿಸಿಯ ಗೆರೆ ಏರುತ್ತಾ ಏರುತ್ತಾ ಮಲಗುತ್ತದೆ. ಕೆಡುವ ಬುಶ್‌ನಲ್ಲಿ ಹೋಗಹೋಗುತ್ತಾ ಇನ್ನಷ್ಟು ಕಡಿದಾಗುತ್ತದೆ. ಬಿಸಿಗೆ ಕ್ಲಿಯರೆನ್ಸ್ ಕುಗ್ಗಿ, ಗ್ರೀಸ್ ನೀರಾಗಿ, ಘರ್ಷಣೆ ಏರಿ, ಅದರಿಂದ ಮತ್ತೆ ಬಿಸಿ ಹೆಚ್ಚುತ್ತದೆ. ಒಂದು ಡಿಗ್ರಿ ಏರಿದಾಗ ಹೊಸದಾಗಿ ಹುಟ್ಟುವ ಶಾಖ ಹೌಸಿಂಗ್ ಹೆಚ್ಚುವರಿಯಾಗಿ ಬಿಡುವ 1.3 ವ್ಯಾಟನ್ನು ಮೀರಿದರೆ ತಾನಾಗಿ ನಿಲ್ಲುವ ಜಾಗವೇ ಇಲ್ಲ. ಗೆರೆ ಕಡಿದಾಗುತ್ತಿದೆ ಎನಿಸಿದ ಕೂಡಲೇ ಲೋಡ್ ತೆಗೆದುಹಾಕಿ, ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತಲೇ ಹೊಸ ಗ್ರೀಸ್ ಹೊಡೆಯಿರಿ. ನೀರು ಮಾತ್ರ ಹಾಕಬೇಡಿ. ಹೌಸಿಂಗ್ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಶಾಫ್ಟ್ ಇನ್ನೂ ಬಿಸಿಯಾಗಿರುತ್ತದೆ, ಅಲ್ಲೇ ಜಾಮ್ ಆಗುತ್ತದೆ.

ತೀರಾ ಬಿಸಿಯಾಗಿ ತಣಿದ ಬುಶ್ ಮೇಲ್ನೋಟಕ್ಕೆ ಸರಿಯಿದ್ದರೂ ಹೌಸಿಂಗ್‌ನಲ್ಲಿ ಸಡಿಲವಾಗಿರಬಹುದು. ಹಿಗ್ಗಲು ಜಾಗವಿಲ್ಲದೆ ಒಳಗೊಳಗೇ ಒತ್ತಿ ಹೋಗಿ, ತಣಿದಾಗ ಚಿಕ್ಕದಾಗಿರುತ್ತದೆ. ಕೆಲವು ದಿನ ಕಳೆದು ಬುಶ್ ಶಾಫ್ಟಿನ ಜೊತೆ ಸುತ್ತತೊಡಗುವುದಕ್ಕೆ ಇದು ಸಾಮಾನ್ಯ ಕಾರಣ.

ನಡುವೆ ಒಮ್ಮೊಮ್ಮೆ ಬಿಸಿ ನಾಲ್ಕೈದು ಡಿಗ್ರಿ ಜಿಗಿದು ತಾನೇ ಇಳಿದರೆ ಗಾಬರಿ ಬೇಡ, ಎಲ್ಲೋ ಪದರ ಹರಿದು ಮತ್ತೆ ಕಟ್ಟಿಕೊಂಡಿದೆ. ಅದೇ ಜಿಗಿತ ಪದೇಪದೇ ಬರುತ್ತಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಹೊರಬಂದ ಗ್ರೀಸನ್ನು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ನುಣ್ಣಗಿನ ಹೊಂಬಣ್ಣದ ಧೂಳು ಸಹಜ, ಮೆಟ್ಟಿಲು ಮೆಟ್ಟಿಲಿಗೆ ಅದು ಕಡಿಮೆಯಾಗಬೇಕು. ಕಣ್ಣಿಗೆ ಮಿಂಚುವ ಚಕ್ಕೆ ಕಂಡರೆ ಲೋಹ ಕಿತ್ತು ಬರುತ್ತಿದೆ. ಮ್ಯಾಗ್ನೆಟ್‌ಗೆ ಅಂಟುವ ಕಣ ಬಂದರೆ ಶಾಫ್ಟೇ ಸವೆಯುತ್ತಿದೆ, ನಿಲ್ಲಿಸಿ ಬಿಚ್ಚಿ ನೋಡಿ.

ಬಿಚ್ಚಿದಾಗ ಶಾಫ್ಟ್ ಮೇಲೆ ಉಗುರಿಗೆ ಸಿಗದ ನಯವಾದ ಪಟ್ಟಿ, ತುಸು ಕಂದು ಅಥವಾ ತಾಮ್ರದ ಛಾಯೆ ಇದ್ದರೆ ಬಹಳ ಒಳ್ಳೆಯದು, ಅದನ್ನು ಎಮರಿಯಿಂದ ಬೆಳಗಬೇಡಿ. ಅಂಟಿದ ಗನ್‌ಮೆಟಲ್ ಉಂಡೆಗಳಿದ್ದರೆ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ತಾಮ್ರದ ಛಾಯೆಯ ಹಿಂದೆ ದೊಡ್ಡ ಸಂಗತಿಯೇ ಇದೆ. 1950ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳಾದ ಗಾರ್ಕುನೋವ್ ಮತ್ತು ಕ್ರಾಗೆಲ್‌ಸ್ಕಿ ಉಕ್ಕು–ಕಂಚಿನ ಜೋಡಿಗಳಲ್ಲಿ ಇದನ್ನು ಗುರುತಿಸಿದರು. ಗ್ಲಿಸರಿನ್‌ನಂಥ ದ್ರವದಲ್ಲಿ ಉಜ್ಜಿದಾಗ ಕಂಚಿನ ಇತರ ಲೋಹಗಳು ಮೊದಲು ಕರಗಿ, ಉಳಿದ ತಾಮ್ರ ಎರಡೂ ಮೇಲ್ಮೈಗಳ ಮೇಲೆ ತೆಳು ಹೊದಿಕೆಯಾಗುತ್ತದೆ, ಸವೆತ ಅತಿ ಕಡಿಮೆಗೆ ಇಳಿಯುತ್ತದೆ. ಹಾಗೆಂದು ಮಷೀನಿಗೆ ಗ್ಲಿಸರಿನ್ ಸುರಿಯಬೇಡಿ. ಅದು ಗಾಳಿಯ ತೇವ ಹೀರುತ್ತದೆ, ನಿಲ್ಲಿಸಿಟ್ಟ ಶಾಫ್ಟ್ ತುಕ್ಕು ಹಿಡಿಯುತ್ತದೆ.

ಆಲೆಮನೆಯ ಗಾಣದಂಥ ತೀರಾ ನಿಧಾನದ ಮಷೀನುಗಳಿಗೆ ಒಂದು ಮಾತು. ಅಲ್ಲಿ ಭಾರ ಹೆಚ್ಚು, ವೇಗ ಅತಿ ಕಡಿಮೆ, ಆದ್ದರಿಂದ ಬಿಸಿ ಹೆಚ್ಚು ಏರುವುದೇ ಇಲ್ಲ, ಥರ್ಮಾಮೀಟರ್ ಮಂದವಾಗುತ್ತದೆ. ಅಲ್ಲಿ ಗ್ರೀಸಿನ ಪುಡಿಯನ್ನೇ ನಂಬಬೇಕು: ಕಬ್ಬನ್ನು ಕಡಿಮೆ ಕೊಡುತ್ತಾ ಶುರು ಮಾಡಿ, ಪುಡಿ ಕಡಿಮೆಯಾದಂತೆ ಹೆಚ್ಚಿಸಿ, ಕಬ್ಬಿನ ಹಾಲು ಬುಶ್‌ಗೆ ಇಳಿಯದಂತೆ ತಡೆಯಿರಿ.

ಸವೆತದ ಲೆಕ್ಕ

ಬೋರ್ ಗೇಜ್‌ನಿಂದ (ಒಳವ್ಯಾಸ ಅಳೆಯುವ ಸಾಧನ) ಭಾರ ಬೀಳುವ ದಿಕ್ಕಿನಲ್ಲಿ ಮೊದಲೂ ಆಮೇಲೂ ಅಳೆಯಿರಿ, ಎರಡು ಸಲವೂ ರಾತ್ರಿಯಿಡೀ ತಣಿದ ಮೇಲೆ. ಕೋಣೆಗಿಂತ 30 ಡಿಗ್ರಿ ಹೆಚ್ಚು ಬಿಸಿಯಿರುವ ಬುಶ್‌ನ ಅಳತೆಯಲ್ಲಿ ಹಿಗ್ಗುವಿಕೆಯೊಂದೇ ನೂರರಲ್ಲಿ ಎರಡು ಮೂರು ಮಿ.ಮೀ. ತಪ್ಪು ತರಬಲ್ಲದು, ನಿಜವಾದ ಸವೆತ ಅದಕ್ಕಿಂತ ಕಡಿಮೆ ಇರುತ್ತದೆ. ಸವೆತವನ್ನು ಅಧ್ಯಯನ ಮಾಡಿದ ವಿಜ್ಞಾನಿ ಆರ್ಚರ್ಡ್ 1953ರಲ್ಲಿ ಕೊಟ್ಟ ಸಂಬಂಧದ ಪ್ರಕಾರ ಸವೆದ ಆಳವು ಒತ್ತಡ ಮತ್ತು ಜಾರಿದ ದೂರದ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಪೂರ್ತಿ ಲೋಡಿನಲ್ಲಿ ನಮ್ಮ ಒತ್ತಡ ಚದರ ಮಿ.ಮೀ.ಗೆ 1 ನ್ಯೂಟನ್, ಎಂಟು ಗಂಟೆಯಲ್ಲಿ ಜಾರುವ ದೂರ 9 ಕಿ.ಮೀ. ಆ ಎಂಟು ಗಂಟೆಯಲ್ಲಿ 0.009 ಮಿ.ಮೀ. ಸವೆದಿದ್ದರೆ ಕಿ.ಮೀ.ಗೆ ಒಂದು ಮೈಕ್ರಾನ್. ಮುಂದಿನ 100 ಗಂಟೆ, ಅಂದರೆ 113 ಕಿ.ಮೀ., ಓಡಿಸಿ ಮತ್ತೆ ಅಳೆದಾಗ 0.011 ಮಿ.ಮೀ. ಹೆಚ್ಚಾಗಿದ್ದರೆ ದರ ಹತ್ತನೇ ಒಂದಕ್ಕೆ ಇಳಿದಿದೆ. ಕ್ಲಿಯರೆನ್ಸ್ ಇನ್ನೂ 0.15 ಮಿ.ಮೀ. ಹೆಚ್ಚಬಹುದು ಎಂದಿದ್ದರೆ ಈ ದರದಲ್ಲಿ ಬುಶ್ ಸುಮಾರು 1300 ಗಂಟೆ ಬರುತ್ತದೆ. ದರ ಇಳಿಯದೆ ಮೊದಲಿನಂತೆಯೇ ಇದ್ದರೆ 130 ಗಂಟೆಯಲ್ಲಿ ಮತ್ತೊಂದು ಬುಶ್ ಬೇಕು. ಹಾಗಾದಾಗ ಅಲೈನ್‌ಮೆಂಟ್, ಶಾಫ್ಟ್ ಫಿನಿಶ್, ಗ್ರೀಸಿನೊಳಗೆ ಸೇರುತ್ತಿರುವ ಧೂಳು, ಈ ಮೂರನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ.